ಇಪ್ಪತ್ತೆರಡು ಲೋಡ್ ನೀರು

ಬನಶಂಕರಿ ಎರಡನೇ ಹಂತ,
ಬೆಂಗಳೂರು
ಮಂಗಳವಾರ, 12-3-1996

ಪ್ರೀತಿಯ ಜಯಶೀಲಾ,

ಈ ಕಂಪ್ಯೂಟರ್ ಚಿಪ್ಪಿನ ವ್ಯವಹಾರಕ್ಕೆ ನಮಗೆ ಈವರೆಗೆ ತಗುಲಿದ್ದು ಇಷ್ಟು. ನಿನ್ನ ಅಪ್ಪ ನಿನಗೆಂದು ಕೊಡಿಸಿದ್ದ ಕೊತ್ತನೂರು ದಿಣ್ಣೆಯ ಸೈಟು, ಮಾರಿದ್ದು ಒಂದೂವರೆ ಲಕ್ಷಕ್ಕೆ. ಷೇರು ಕೊಡಿಸಿದ ಪಾಪಯ್ಯನ ಕಮಿಷನ್ ಸಾವಿರದ ಐನೂರು. ಷೇರು ನಿನ್ನ ಹೆಸರಿಗೆ ವರ್ಗವಾಗಲು ಸ್ಟಾಂಪಿನ ಖರ್ಚು ಏಳುನೂರ ಐವತ್ತು. ಇಂಗ್ಲಿಷ್ ವ್ಯಾಪಾರ ಪತ್ರಿಕೆಯ ಚಂದಾ. ನಾನು ಓದುತ್ತಿದ್ದದ್ದು ಷೇರು ರೇಟಿನ ಒಂದು ಪುಟ, ಉಳಿದದ್ದನ್ನು ನೀನು ಕಪಾಟಿನ ಹಲಗೆಗಳಿಗೆ ಹಾಸಿದೆ, ಆದ್ದರಿಂದ ಅದನ್ನು ಪೂರ್ತಿ ನಷ್ಟ ಎನ್ನಲಾರೆ. ದರ್ಶಿನಿಯಲ್ಲಿ ನಿಂತು ವಾದ ಮಾಡುತ್ತಾ ಕುಡಿದ ಬೈಟು ಕಾಫಿಗಳು, ಹೆಚ್ಚಿನವು ನನ್ನ ಲೆಕ್ಕಕ್ಕೇ. ಇನ್ನು ಶನಿವಾರದಿಂದ ಊಟ ಸೇರದಿರುವುದು, ಫೋನು ಬಡಿದರೆ ಎದೆ ಹಾರುವುದು, ಗೇಟಿನ ಹತ್ತಿರ ಯಾವುದಾದರೂ ಕಾರು ನಿಂತರೆ ಪರದೆ ಸರಿಸಿ ನೋಡುವುದು, ಇವಕ್ಕೆ ರೇಟು ಕಟ್ಟುವುದು ನನಗೆ ಬರುವುದಿಲ್ಲ.

ನೋಡು, ಮೊದಲು ಅತ್ತೆಯವರ ಕಾಲು ಹೇಗಿದೆ ಎಂದು ಕೇಳಬೇಕಿತ್ತು. ಕೈ ತನ್ನ ಪಾಡಿಗೆ ತಾನು ಲೆಕ್ಕಕ್ಕೆ ಹೋಗಿಬಿಟ್ಟಿತು. ಪ್ಲಾಸ್ಟರು ಯಾವತ್ತು ಬಿಚ್ಚುತ್ತಾರಂತೆ? ಯಾರು ಏನೇ ಹೇಳಲಿ, ಎಣ್ಣೆಕಟ್ಟಿನವರ ಹತ್ತಿರ ಕರೆದುಕೊಂಡು ಹೋಗಬೇಡಿ. ನಮ್ಮ ಕಡೆಯ ಒಬ್ಬರಿಗೆ ಕಟ್ಟಿ ಕಟ್ಟಿ ಕಾಲು ಅರ್ಧ ಗೇಣು ಗಿಡ್ಡವಾಯಿತು. ನಿನ್ನ ಬೆನ್ನುನೋವು ಹೇಗಿದೆ? ಅತ್ತೆಯವರನ್ನು ಒಬ್ಬಳೇ ಎತ್ತಿ ಕೂರಿಸಬೇಡ. ಇಲ್ಲಿ ನನಗೆ ಅಡುಗೆಯ ತೊಂದರೆಯೇನೂ ಇಲ್ಲ. ಅನ್ನ ಮಾಡಿಕೊಳ್ಳುತ್ತೇನೆ, ಸಾರು ನಮ್ಮ ಬೀದಿಯ ತಿರುಮಲೇಶರ ಮನೆಯಿಂದ ಬರುತ್ತಿದೆ, ಅವರ ಅಕ್ಕ ಸೀತಮ್ಮನವರು ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಕಳಿಸುತ್ತಾರೆ. ಆ ಸಾರೇ ಈಗ ಗಂಟಲಲ್ಲಿ ಇಳಿಯುತ್ತಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯ ಫೋನು ನಡುಮನೆಯಲ್ಲಿದೆ, ಸುತ್ತ ನಾಲ್ಕು ಜನ ಕೊಬ್ಬರಿ ವ್ಯಾಪಾರಿಗಳು ಕೂತಿರುತ್ತಾರೆ. ಕೊಬ್ಬರಿ ಹಾಕಲು ಬಂದಿರುವ ನಿನ್ನ ತಮ್ಮ ಗುರುಸಿದ್ದ ನಾಳೆ ಮಧ್ಯಾಹ್ನದ ರೈಲಿಗೆ ತಿಪಟೂರಿಗೆ ವಾಪಸು ಹೊರಡುತ್ತಾನೆ. ಅವನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಒಬ್ಬಳೇ ಇದ್ದಾಗ ಓದು.

ಹುಳಿಮಾವು ದಾಟಿ ಬನ್ನೇರುಘಟ್ಟ ರಸ್ತೆಯಲ್ಲಿರುವ ಹೇಮಾದ್ರಿ ಸಿಲಿಕಾನ್ ಕಾರ್ಖಾನೆಗೆ ನಮ್ಮ ಟ್ಯಾಂಕರುಗಳು ನೀರು ಹಾಕತೊಡಗಿದ್ದು ಕಳೆದ ಜೂನಿನಲ್ಲಿ ಎಂಬುದು ನಿನಗೆ ಗೊತ್ತು. ಆಗ ದಿನಕ್ಕೆ ಆರು ಲೋಡು. ಅವರ ಷೇರು ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ನಮ್ಮ ಬಡಾವಣೆಯ ಕಾಂಪ್ಲೆಕ್ಸಿನ ಹಿಂದಿನ ದರ್ಶಿನಿಯಲ್ಲಿ ಬೆಳಗಿನ ಕಾಫಿಗೆ ಸೇರುವವರೆಲ್ಲ ಅದರದ್ದೇ ಮಾತು. ತಿರುಮಲೇಶರು ಮಾತ್ರ ವಿರೋಧ ಪಕ್ಷ. ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು, ಗೊತ್ತಿರುವುದನ್ನು ಬಿಡಿಸಿ ಹೇಳುವ ಚಟ. ಲೋಟ ಕೆಳಗಿಟ್ಟು ಎರಡು ಕೈಯಲ್ಲೂ ಒಂದು ತಿಂಡಿ ತಟ್ಟೆಯಗಲ ತೋರಿಸಿ, "ಇಷ್ಟಗಲ ಬಿಲ್ಲೆ ಕಣ್ರೀ ಸಿದ್ದಪ್ಪ. ಅದ್ರ ಮೇಲೆ ನೂರಾರು ಚಿಪ್ಪು ಒಟ್ಟಿಗೆ ಅಚ್ಚಾಗುತ್ತೆ. ಒಂದ್ ಧೂಳು ಕೂತ್ರೆ ಅಷ್ಟು ಹೋಯ್ತು. ನೂರಕ್ಕೆ ಎಷ್ಟು ಚೆನ್ನಾಗಿ ಬಂತು ಅನ್ನೋದೇ ಆ ಕಂಪನಿ ಜಾತಕ. ಇವ್ರು ಮೂರ್ ತಿಂಗಳಿಗೊಂದ್ಸಲ 'ಉತ್ಪಾದನೆ ತೃಪ್ತಿಕರವಾಗಿದೆ' ಅಂತ ಅಚ್ಚು ಹಾಕಿಸ್ತಾರೆ. ತೃಪ್ತಿ ಯಾರಿಗ್ರೀ?" ಎನ್ನುತ್ತಿದ್ದರು. ಆ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಹಾಕುತ್ತಾರಂತೆ, ಒಂದೊಂದು ಪದರಕ್ಕೂ ತೊಳೆಯಬೇಕಂತೆ, ಬೇಕಾಗುವ ನೀರಿಗೆ ಲೆಕ್ಕವೇ ಇಲ್ಲವಂತೆ. ಇದನ್ನೂ ಹೇಳಿಕೊಟ್ಟವರು ಅವರೇ.

ನೀರು ಎಂದ ಕೂಡಲೇ ನನ್ನ ಕಿವಿ ನಿಮಿರಿತು. ನೀರು ಹಾಕುವವನು ನಾನು! ಅವರ ವರದಿಯನ್ನು ಯಾಕೆ ಓದಲಿ, ನಮ್ಮ ಡ್ರೈವರ್ ಬೈರಣ್ಣ ಸಂಜೆ ತಂದುಕೊಡುವ ಲೋಡ್ ಚೀಟಿಗಳನ್ನು ಎಣಿಸಿದರೆ ಸಾಲದೇ? ಕಾರ್ಖಾನೆಯ ಗೇಟಿನಲ್ಲಿ ಒಂದೊಂದು ಲೋಡಿಗೂ ಸೀಲು ಹಾಕಿದ ಚೀಟಿ ಕೊಡುತ್ತಾರೆ. ದಸರಾಕ್ಕೆ ಹನ್ನೆರಡಾಯಿತು. ಆಗಲೇ ನಾನು ನಿನ್ನ ಸೈಟಿನ ಮಾತೆತ್ತಿದ್ದು. ನೀನು, "ಮನೆ ಕಟ್ಟೋಣ ಅಂತಿದ್ರಲ್ರೀ, ಇನ್ನೆಷ್ಟು ವರ್ಷ ಬಾಡಿಗೆ?" ಎಂದೆ. ನಾನು, "ಒಂದ್ ವರ್ಷ ತಡಿ, ಸೈಟಿನ ದುಡ್ಡು ಸೈಟು ಮನೆ ಎರಡೂ ಆಗಿ ಬರುತ್ತೆ" ಎಂದೆ. ನೀನು ರಿಜಿಸ್ಟ್ರಾರ್ ಕಚೇರಿಯಲ್ಲಿ ಪೆನ್ನು ಹಿಡಿದು ಒಂದು ಗಳಿಗೆ ಸುಮ್ಮನೆ ಕೂತಿದ್ದೆ. ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಿದ್ದಾರೆಂದು ನಾನೇ ಅವಸರ ಮಾಡಿದೆ. ಸಾವಿರ ಷೇರು, ಒಂದಕ್ಕೆ ನೂರೈವತ್ತರಂತೆ, ನಿನ್ನ ಹೆಸರಿನಲ್ಲಿ. ಸೈಟು ನಿನ್ನದು, ಷೇರೂ ನಿನ್ನದೇ ಇರಲಿ ಎಂದು. ಆಗ ಅದು ನನಗೆ ದೊಡ್ಡ ನ್ಯಾಯವಾಗಿ ಕಂಡಿತ್ತು.

ಸಂಕ್ರಾಂತಿಯ ಹೊತ್ತಿಗೆ ದಿನಕ್ಕೆ ಇಪ್ಪತ್ತೆರಡು ಲೋಡು. ಮೂರು ಟ್ಯಾಂಕರುಗಳಿಗೂ ಬೇರೆ ಗಿರಾಕಿ ಬೇಡವಾಯಿತು. ಷೇರಿನ ರೇಟು ಇನ್ನೂರರ ಹತ್ತಿರ ಬಂತು. ದರ್ಶಿನಿಯಲ್ಲಿ ನಾನು ಇಂಜಿನಿಯರಾಗಿಬಿಟ್ಟೆ. ಬೆಳಿಗ್ಗೆ ಹೋದರೆ ಸಾಕು, "ಏನ್ ಸಿದ್ದಪ್ಪ, ನಿನ್ನೆ ಎಷ್ಟು ಲೋಡು?" ಎಂದು ಪೆನ್ಷನ್ ಮಂದಿಯೆಲ್ಲ ಸುತ್ತ ಸೇರುತ್ತಿದ್ದರು. ತಿರುಮಲೇಶರೂ ಮೆತ್ತಗಾಗತೊಡಗಿದ್ದರು. ಆದರೂ ಒಂದು ದಿನ, ಅವರ ಅಕ್ಕ ಸೀತಮ್ಮನವರು ಕರಿಬೇವು ಕೊಳ್ಳಲು ಬಂದು ಪಕ್ಕದಲ್ಲೇ ನಿಂತಿದ್ದಾಗ, ಒಂದು ಪ್ರಶ್ನೆ ಕೇಳಿದರು. "ಅಲ್ರೀ, ಅಷ್ಟು ನೀರು ಒಳಗೆ ಹೋದ್ರೆ ಅಷ್ಟೇ ನೀರು ಹೊರಗೆ ಬರ್ಬೇಕಲ್ವಾ? ಆ ಕಡೆ ಮೋರಿ ಎಲ್ಲಿದೆ? ಎಲ್ಲಿ ಬಿಡ್ತಾರೆ?" ಎಷ್ಟು ಸರಿಯಾದ ಪ್ರಶ್ನೆ! ಹದಿನೈದು ವರ್ಷ ನೀರು ಮಾರಿದವನಿಗೆ ಹೊಳೆಯಬೇಕಾದದ್ದು. ನಾನು, "ಕಂಪ್ಯೂಟರ್ ಕುಡಿಯುತ್ತೆ ಬಿಡಿ ಸಾರ್, ಬಾಯಾರಿಕೆ ಜಾಸ್ತಿ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ತಿರುಮಲೇಶರೂ ನಕ್ಕರು. ಸೀತಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ವಾರವೇ ಸೀತಮ್ಮನವರು ಮುನ್ನೂರು ಷೇರು ಕೊಂಡದ್ದು, ನೂರ ತೊಂಬತ್ತರಂತೆ, ಐವತ್ತೇಳು ಸಾವಿರ ಕೊಟ್ಟು. ನನ್ನ ಮಾತನ್ನು ನಂಬಿ. ಮಾತನ್ನೂ ಅಲ್ಲ, ಆ ನಗೆಯನ್ನು ನಂಬಿ.

ಈಗ ಶನಿವಾರಕ್ಕೆ ಬರುತ್ತೇನೆ. ಬೈರಣ್ಣ ನಂಟರ ಮದುವೆಯೆಂದು ಕನಕಪುರದ ಕಡೆ ಹೋಗಿದ್ದ. ಬದಲಿ ಡ್ರೈವರು ಕೈಕೊಟ್ಟ. ಲೋಡು ತಪ್ಪಬಾರದೆಂದು ನಾನೇ ಸ್ಟೇರಿಂಗ್ ಹಿಡಿದೆ. ಎಷ್ಟೋ ವರ್ಷದ ಮೇಲೆ ಕೂತದ್ದು. ಹೊಟ್ಟೆ ಚಕ್ರಕ್ಕೆ ತಾಗುತ್ತಿತ್ತು, ಆದರೂ ಹುರುಪಾಯಿತು. ಗೇಟಿನ ವಾಚ್‌ಮನ್, "ಓ, ಯಜಮಾನ್ರೇ ಬಂದ್ರಾ! ಹಿಂದ್ಗಡೆ ಹೋಗಿ ಅಣ್ಣ, ಬೈರಣ್ಣ ಹೋಗೋ ಕಡೆ" ಎಂದು ಚೀಟಿಗೆ ಸೀಲು ಒತ್ತಿದ. ಹಿಂದುಗಡೆ ಒಂದು ದೊಡ್ಡ ಸಂಪು. ಪೈಪು ಇಳಿಬಿಟ್ಟೆ, ನೀರು ಬಿಟ್ಟೆ. ಸಂಪಿನ ಪಕ್ಕದಲ್ಲೇ ಮೋಟಾರು ಗುಂಯ್‌ಗುಡುತ್ತಿತ್ತು. ಅದರ ಪೈಪು ಕಾರ್ಖಾನೆಯ ಕಡೆ ಹೋಗಿರಲಿಲ್ಲ ಜಯಶೀಲಾ. ಕಾಂಪೌಂಡ್ ಗೋಡೆ ಹತ್ತಿ ಆಚೆ ಇಳಿದಿತ್ತು. ಕಲ್ಲೊಂದರ ಮೇಲೆ ನಿಂತು ಇಣುಕಿದೆ. ಆಚೆ ನಾಲ್ಕು ಅಂತಸ್ತಿನ ಎರಡು ಕಟ್ಟಡ ಏಳುತ್ತಿವೆ. ಹೊಸದಾಗಿ ಹಾಕಿದ ಸೂರಿನ ಮೇಲೆ ಸಿಮೆಂಟಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ, ಗದ್ದೆಯ ಹಾಗೆ. ಕಂಬಗಳಿಗೆಲ್ಲ ಒದ್ದೆ ಗೋಣಿ ಸುತ್ತಿದ್ದಾರೆ. ಒಬ್ಬ ಗಾರೆಯವನು ಗೋಡೆಗೆ ನೀರು ಎರಚುತ್ತಿದ್ದ. ಯಾರದಪ್ಪಾ ಎಂದೆ. "ಅಪಾರ್ಟ್‌ಮೆಂಟು ಅಣ್ಣ. ಈ ಚಿಪ್ ಕಂಪನಿ ಡೈರೆಕ್ಟ್ರ ಬಾಮೈದಂದು" ಎಂದ.

ಕಲ್ಲಿನಿಂದ ಇಳಿದೆ. ಆದರೂ ಮನಸ್ಸು ವಕೀಲಿಕೆ ಬಿಡಲಿಲ್ಲ, ಅಲ್ಲಿಗೆ ನಾಲ್ಕು ಲೋಡು ಹೋಗಲಿ, ಉಳಿದದ್ದು ಇಲ್ಲಿಗೇ ಇರಬಹುದು ಎಂದಿತು. ವಾಚ್‌ಮನ್ ಹತ್ತಿರ ಬೀಡಿ ಕೊಟ್ಟು ಮಾತಿಗೆಳೆದೆ. ಒಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ? "ಎಂಟ್ ಜನ ಬರ್ತಾರೆ ಅಣ್ಣ. ಕ್ಯಾರಂ ಬೋರ್ಡ್ ಇದೆ." ಮೆಷಿನ್ನು? "ಫಾರಿನ್ನಿಂದ ಬಂದಿದ್ದು ಪೆಟ್ಟಿಗೇಲೇ ಇದೆ. ಮೊಳೆ ಕಿತ್ತಿಲ್ಲ ಇನ್ನೂ. ಯಾರಾದ್ರೂ ದೊಡ್ಡೋರು ನೋಡಕ್ಕೆ ಬಂದ್ರೆ ಎಲ್ರಿಗೂ ಬಿಳೀ ಕೋಟು ಟೋಪಿ ಕೊಡ್ತಾರೆ." ಅವನು ನನಗೆ ಗುಟ್ಟು ಹೇಳುವವನ ಹಾಗೆ ಹೇಳಲಿಲ್ಲ, ಮಳೆ ಬರುವುದಿಲ್ಲ ಎನ್ನುವವನ ಹಾಗೆ ಹೇಳಿದ. ಬೈರಣ್ಣ ಊರಿನಿಂದ ಬಂದ ಮೇಲೆ ಕೂಗಾಡಿದೆ, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು. ಅವನು ತಲೆ ಕೆರೆದುಕೊಂಡು, "ನೀವು ಎಷ್ಟು ಲೋಡು ಅಂತ ಕೇಳ್ತಿದ್ರಿ ಅಣ್ಣ, ಹೇಳ್ತಿದ್ದೆ. ನೀರು ಎಲ್ಲಿಗೆ ಹೋಯ್ತು ಅಂತ ಯಾವತ್ತಾದ್ರೂ ಕೇಳಿದ್ರಾ?" ಎಂದ. ನಮ್ಮ ಕಸುಬೇ ಹಾಗೆ. ಸೀಲು ಬಿದ್ದ ಚೀಟಿ ಕೈಗೆ ಬಂದರೆ ನೀರಿನ ಕಥೆ ಅಲ್ಲಿಗೆ ಮುಗಿಯಿತು.

ನಷ್ಟ ಒಂದೇ ಆಗಿದ್ದರೆ ನಿನಗೆ ಹೀಗೆ ಹೆದರಿ ಬರೆಯುತ್ತಿರಲಿಲ್ಲ. ನಿನ್ನೆ ಸೋಮವಾರ ಆ ಕಾರ್ಖಾನೆಯ ಮ್ಯಾನೇಜರು ಹೇಳಿಕಳಿಸಿದ. ಒಂಬತ್ತು ತಿಂಗಳಿಂದ ನನ್ನನ್ನು "ಏಯ್ ಟ್ಯಾಂಕರ್" ಎಂದು ಕರೆಯುತ್ತಿದ್ದ ಮನುಷ್ಯ, ನಿನ್ನೆ ಕುರ್ಚಿ ಎಳೆದು ಕೊಟ್ಟ, ಬಸಿಯೊಂದಿಗೆ ಕಪ್ಪಿನಲ್ಲಿ ಕಾಫಿ ತರಿಸಿದ. ಅಂಥವನು ಕುರ್ಚಿ ಕೊಟ್ಟರೆ ಎದ್ದು ಓಡಬೇಕು, ನಾನು ಕೂತು ಕಾಫಿ ಕುಡಿದೆ. "ಸಿದ್ದಪ್ಪನವರೇ, ಶನಿವಾರ ನೀವೇ ಬಂದಿದ್ರಂತೆ. ಕಲ್ಲು ಹತ್ತಿ ನೋಡಿದ್ರಂತೆ. ಈ ವಯಸ್ಸಲ್ಲಿ ಬಿದ್ದು ಗಿದ್ದು ಮಾಡ್ಕೊಂಡೀರಾ" ಎಂದು ನಕ್ಕ. ಆಮೇಲೆ ಮೇಜಿನ ಮೇಲಿದ್ದ ಕಾಗದ ನೋಡುತ್ತಾ, "ಜಯಶೀಲಾ ಅನ್ನೋದು ನಿಮ್ಮ ಮನೆಯವರ ಹೆಸರಲ್ವಾ? ಸಾವಿರ ಷೇರು. ಬನಶಂಕರಿ ಅಡ್ರೆಸ್ಸು" ಎಂದ. ನಿನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಕೇಳಿ ನನಗೆ ಆದದ್ದನ್ನು ಬರೆಯಲಾರೆ. "ಯುಗಾದಿಗೆ ಮುಂಚೆ ಮಾರ್ಕೊಳ್ಳಿ. ಆಮೇಲೆ ಬೋರ್ಡ್ ಮೀಟಿಂಗ್ ಇದೆ. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಮಾರಿ, ಸುಮ್ನಿರಿ. ಟ್ಯಾಂಕರ್ ಗಾಡಿಗಳು ದಿನಾ ಈ ರಸ್ತೇಲೇ ಓಡಾಡ್ಬೇಕು, ಅಲ್ವಾ?" ಅಷ್ಟೇ. ಗದರಿಸಲಿಲ್ಲ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಅಲ್ಲಿಂದ ನೇರ ಜಯನಗರ ನಾಲ್ಕನೇ ಬ್ಲಾಕಿಗೆ ಪಾಪಯ್ಯನ ಹತ್ತಿರ ಹೋದೆ. ಅಲ್ಲಿನ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಫೋನು, ಅವನ ಆಫೀಸು ನೀನು ನೋಡಿದ್ದೀಯ. ಮಾರಬೇಕು ಎಂದೆ. ಯಾಕೆಂದು ಹೇಳಲಿಲ್ಲ, ಮನೆ ಕಟ್ಟಿಸುತ್ತೇನೆ ಎಂದೆ. ಇವತ್ತು ಬೆಳಿಗ್ಗೆ ಫೋನು ಮಾಡಿದ. ಸಾವಿರ ಷೇರನ್ನೂ ಒಬ್ಬರೇ ಕೊಳ್ಳುತ್ತಾರೆ, ಇನ್ನೂರ ಹತ್ತಕ್ಕೆ. "ಮಾರ್ಕೆಟ್ಟಿಗೆ ಹಾಕಿದ್ರೆ ರೇಟು ಬೀಳುತ್ತೆ ಗುರುಗಳೇ, ಕೈಯಿಂದ ಕೈಗೆ ಮುಗ್ಸೋಣ. ಮನೆಯವ್ರ ರುಜು ಇರೋ ಫಾರಂ, ಷೇರ್ ಸರ್ಟಿಫಿಕೇಟು ಎರಡೂ ಶುಕ್ರವಾರಕ್ಕೆ ತಂದ್ಕೊಡಿ, ಚೆಕ್ ತಗೊಂಡ್ಹೋಗಿ." ಎರಡು ಲಕ್ಷದ ಹತ್ತು ಸಾವಿರ. ನಾನು ಗೋಡೆಗೆ ಒರಗಿದೆ, ಅಷ್ಟು ಹಗುರಾಯಿತು. ಯಾರಪ್ಪಾ ಪುಣ್ಯಾತ್ಮರು ಎಂದೆ. "ನಿಮ್ಮವ್ರೇ! ತಿರುಮಲೇಶ್ ಸಾರ್ ಅಕ್ಕ, ಸೀತಮ್ನೋರು. ಯಜಮಾನರು ಬಿಟ್ಟುಹೋದ ದುಡ್ಡು ಬ್ಯಾಂಕಲ್ಲಿತ್ತಲ್ಲ, ಅದನ್ನ ಮುರಿಸ್ತಿದಾರೆ. ಇಪ್ಪತ್ತೆರಡು ಲೋಡು ಅಂತ ನೀವೇ ಹೇಳಿದ್ರಂತೆ, ಅದನ್ನೇ ಹಿಡ್ಕೊಂಡ್ಬಿಟ್ಟಿದಾರೆ. ಮಾರ್ತಿರೋದು ನೀವು ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ."

ಈಗ ಗೊತ್ತಾಯಿತಲ್ಲ, ಸಾರು ಯಾಕೆ ಇಳಿಯುವುದಿಲ್ಲ ಎಂದು.

ಬೆಳಗಿನಿಂದ ನನ್ನೊಳಗೆ ದರ್ಶಿನಿಯ ವಾದವೇ ನಡೆಯುತ್ತಿದೆ, ಎರಡೂ ಕಡೆ ನಾನೇ. ಒಬ್ಬ ಹೇಳುತ್ತಾನೆ: ಮಾರುವವನು ಮಾರುತ್ತಾನೆ, ಕೊಳ್ಳುವವರು ಕೊಳ್ಳುತ್ತಾರೆ. ನಾವೇನು ಅವರ ಮನೆ ಬಾಗಿಲಿಗೆ ಹೋಗಿ ಕೊಳ್ಳಿ ಎಂದೆವೇ? ನಮಗೆ ಮಾರಿದವನು ಯಾರೋ, ಅವನು ನಮ್ಮ ಮುಖ ನೋಡಿದ್ದನೇ? ನಾವು ಮಾರದಿದ್ದರೆ ಇನ್ನೊಬ್ಬರ ಹತ್ತಿರ ಅವರು ಕೊಂಡೇ ಕೊಳ್ಳುತ್ತಾರೆ. ನಮಗಿರುವುದು ಅದೊಂದೇ ಗಂಟು. ಐವತ್ತೆರಡು ವಯಸ್ಸಿನಲ್ಲಿ ಇನ್ನೊಂದು ಸೈಟು ನನ್ನಿಂದ ಆಗುವುದಿಲ್ಲ. ಇನ್ನೊಬ್ಬ ಹೆಚ್ಚು ಮಾತಾಡುವುದಿಲ್ಲ. ನಾವು ಈ ರಸ್ತೆಗೆ ಬಂದ ಹೊಸದರಲ್ಲಿ ಟ್ಯಾಂಕರ್ ನಿಲ್ಲಿಸಬಾರದೆಂದು ಬೀದಿಯವರೆಲ್ಲ ಅರ್ಜಿಗೆ ರುಜು ಹಾಕಿದಾಗ, "ಬೇಸಿಗೇಲಿ ಇವ್ರ ಹತ್ರ ನೀರು ಕೇಳಕ್ಕೆ ಹೋಗೋವಾಗ ಏನ್ ಮುಖ ಇಟ್ಕೊಂಡು ಹೋಗ್ತೀರಿ?" ಎಂದು ಅರ್ಜಿ ವಾಪಸು ಕಳಿಸಿದ ಸೀತಮ್ಮನವರ ಬಡ್ಡಿ ದುಡ್ಡು ತಿಂಗಳಿಗೆ ಎರಡು ಸಾವಿರ ಎಂಬುದನ್ನಷ್ಟೇ ನೆನಪಿಸುತ್ತಾನೆ. ಅದರಲ್ಲೇ ಅವರ ಔಷಧಿ, ಅದರಲ್ಲೇ ಹಾಲು. ತಮ್ಮನ ಮನೆಯಲ್ಲಿ ತಲೆಯೆತ್ತಿ ಇರುವುದೂ ಅದರಿಂದಲೇ.

ಹೇಳಿಬಿಡೋಣ ಎಂದುಕೊಂಡರೆ ಆ ಮ್ಯಾನೇಜರನ ನಗು ನೆನಪಾಗುತ್ತದೆ. ಅವರಿಗೆ ಹೇಳಿದರೆ ತಿರುಮಲೇಶರು ಸುಮ್ಮನಿರುವವರಲ್ಲ, ಹತ್ತು ಜನಕ್ಕೆ ಹೇಳುತ್ತಾರೆ. ಸಂಜೆಯೊಳಗೆ ಬನ್ನೇರುಘಟ್ಟ ರಸ್ತೆಗೆ ಮುಟ್ಟುತ್ತದೆ. ಬೈರಣ್ಣ ಆ ರಸ್ತೆಯಲ್ಲಿ ಗಾಡಿ ಓಡಿಸುವವನು. ಇವತ್ತು ಸಂಜೆ ಅವನು ಬರುವುದು ಅರ್ಧ ಗಂಟೆ ತಡವಾಯಿತು, ನಾನು ಸರ್ಕಲ್‌ವರೆಗೂ ನಡೆದುಹೋಗಿ ನಿಂತಿದ್ದೆ. ಟಯರ್ ಪಂಚರ್ ಅಷ್ಟೇ. ಅವನು, "ಯಾಕಣ್ಣ ಹಿಂಗೆ ಬೆವ್ತಿದೀರಾ?" ಎಂದು ಕೇಳಿದ.

ಆದ್ದರಿಂದ ಈ ಕಾಗದದ ಜೊತೆ ವರ್ಗಾವಣೆ ಫಾರಂ ಇಟ್ಟಿದ್ದೇನೆ. ಎಲ್ಲಿ ರುಜು ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಸೈಟು ನಿನ್ನದು, ಷೇರು ನಿನ್ನದು. ನೀನೇ ಯೋಚನೆ ಮಾಡು. ಹಾಕುವುದಾದರೆ ಗುರುವಾರ ಗುರುಸಿದ್ದನ ಕೈಯಲ್ಲೇ ವಾಪಸು ಕಳಿಸು, ಅವನ ರೈಲಿನ ಖರ್ಚು ನನ್ನದು. ಹಾಕದಿದ್ದರೆ ಒಂದು ಫೋನು ಮಾಡಿ, ಅಮ್ಮನ ಕಾಲು ವಾಸಿಯಾಯಿತು ಎಂದು ಮಾತ್ರ ಹೇಳು, ನನಗೆ ತಿಳಿಯುತ್ತದೆ. ನೀನು ಏನು ಮಾಡಿದರೂ ನಾನು ಒಂದು ಮಾತೂ ಆಡುವುದಿಲ್ಲ. ಇದು ಧಾರಾಳತನವಲ್ಲ, ಹೆದರಿಕೆ. ನಿನಗೆ ತಿಳಿಯದ್ದೇನಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ. ನಿನ್ನ ಅಣ್ಣ ಅತ್ತಿಗೆಯವರಿಗೆ ಕೇಳಿದೆನೆಂದು ಹೇಳು. ಷೇರಿನ ಮಾತು ಮಾತ್ರ ಬೇಡ. ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ಸಿದ್ಧೇಶ್ವರ ಎಲ್ಲರನ್ನೂ ಕಾಯಲಿ, ನಮ್ಮ ರಸ್ತೆಯಲ್ಲಿರುವವರನ್ನೂ ಸೇರಿಸಿ.

ನಿನ್ನ,
ಮರುಳಸಿದ್ದಪ್ಪ

ಮರೆತದ್ದು. ಬುಧವಾರ ಮಧ್ಯಾಹ್ನ, ಮೆಜೆಸ್ಟಿಕ್ ರೈಲ್ವೆ ಸ್ಟೇಷನ್. ಗುರುಸಿದ್ದ ಟಿಕೆಟಿನ ಸಾಲಿನಲ್ಲಿದ್ದಾನೆ. ಅವನ ಖಾಲಿ ಚೀಲಗಳ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಫಾರಂ ಇದರ ಜೊತೆಯಲ್ಲಿಲ್ಲ, ಹುಡುಕಬೇಡ. ಹರಿದು ಹಾಕಿದೆ. ಅದಕ್ಕೆ ರುಜು ಹಾಕಿ ಇನ್ನು ಪ್ರಯೋಜನವಿಲ್ಲ.

ಬೆಳಿಗ್ಗೆ ಸಾರಿನ ಪಾತ್ರೆ ವಾಪಸು ಕೊಡಲು ಹೋದವನು ಬಾಗಿಲಲ್ಲೇ ನಿಂತು, ಮಾರುತ್ತಿರುವುದು ನಾವೇ ಎಂಬುದನ್ನೂ ಸೇರಿಸಿ, ಎಲ್ಲಾ ಹೇಳಿಬಿಟ್ಟೆ. ಹೇಳಬೇಕೆಂದು ಹೋಗಿರಲಿಲ್ಲ. ಸೀತಮ್ಮನವರು ಬ್ಯಾಂಕಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಂಬಿದರೆಂದು ತಿಳಿದೆಯಾ? ಸುಳ್ಳು ಹೇಳಿದಾಗ ನಂಬಿದ ಜನ, ನಿಜ ಹೇಳಿದರೆ ನಕ್ಕರು. ತಿರುಮಲೇಶರು ಕನ್ನಡಕ ಮೂಗಿನ ಮೇಲೆ ಜಾರಿಸಿ, "ಏನ್ರೀ ಸಿದ್ದಪ್ಪ, ನಮ್ಮನ್ನ ಓಡ್ಸಿ ಷೇರು ನೀವೇ ಇಟ್ಕೊಳ್ಳೋ ಹಂಚಿಕೆನಾ?" ಎಂದರು. ನಾನು ಆಣೆ ಇಟ್ಟೆ. ಸೀತಮ್ಮನವರು ನನ್ನ ಮುಖ ನೋಡಿ, "ಆಣೆ ಎಲ್ಲ ಬೇಡಿ. ಲಾರಿ ಎಲ್ಲಿದೆ? ನಡೀರಿ ತೋರ್ಸಿ" ಎಂದರು. ಆ ಹೆಂಗಸನ್ನು ಟ್ಯಾಂಕರ್ ಕ್ಯಾಬಿನ್ನಿಗೆ ಹತ್ತಿಸಲು ನಾನು, ಬೈರಣ್ಣ, ತಿರುಮಲೇಶರು ಮೂವರೂ ಬೇಕಾಯಿತು. ಬನ್ನೇರುಘಟ್ಟ ರಸ್ತೆಯುದ್ದಕ್ಕೂ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸೆಟೆದು ಕೂತಿದ್ದರು. ಕಾರ್ಖಾನೆಯ ಗೇಟಿಗೆ ಹೋಗಲಿಲ್ಲ, ಧೈರ್ಯವಾಗಲಿಲ್ಲ. ಆಚೆಯ ರಸ್ತೆಯಿಂದ ಕಟ್ಟಡದ ಬದಿಗೆ ಹೋಗಿ ನಿಲ್ಲಿಸಿದೆ. ಗೋಡೆ ಇಳಿದು ಬಂದ ಪೈಪು, ಸೂರಿನ ಮೇಲಿನ ನೀರು, ಗೋಣಿ ಸುತ್ತಿದ ಕಂಬ ಎಲ್ಲಾ ಕ್ಯಾಬಿನ್ನಿನಿಂದಲೇ ಕಾಣುತ್ತಿತ್ತು. ತಿರುಮಲೇಶರು ಕನ್ನಡಕ ಒರೆಸಿಕೊಂಡು ನೋಡಿ, "ಮೋರಿ ಇಲ್ಲ ಅಂತ ನಾನು ಅವತ್ತೇ ಕೇಳ್ದೆ" ಎಂದರು. ಅವರ ಅಕ್ಕ, "ಕೇಳಿ ನಕ್ಕೆ ನೀನು, ಸುಮ್ನಿರು" ಎಂದರು.

ಬರುವಾಗ ದಾರಿಯಲ್ಲಿ ಸೀತಮ್ಮನವರು, "ನನ್ನ ಮುನ್ನೂರು ಇದೆಯಲ್ಲ, ಅದನ್ನೇನ್ ಮಾಡ್ಲಿ?" ಎಂದು ಕೇಳಿದರು. ಇವತ್ತೇ ಮಾರಿದರೆ ಯಾರಾದರೂ ಕೊಳ್ಳಬಹುದು ಎಂದೆ. "ಯಾರು?" ಎಂದರು. ನಾನು ಗೇರು ಬದಲಾಯಿಸಿದೆ. ಆಮೇಲೆ ಮನೆ ಮುಂದೆ ಇಳಿಯುವಾಗ, ಒಂದು ಕಾಲು ನೆಲದಲ್ಲಿ ಒಂದು ಮೆಟ್ಟಿಲಲ್ಲಿ ಇಟ್ಟುಕೊಂಡೇ, "ಜಯಶೀಲಂಗೆ ಹೇಳಿದೀರಾ?" ಎಂದರು. ಇನ್ನೂ ಇಲ್ಲ, ಕಾಗದ ಬರೆದಿದ್ದೇನೆ ಎಂದೆ. "ಅವ್ಳ ಸೈಟಲ್ವಾ ಅದು? ನನಗೆ ಹೇಳೋಕೆ ಮುಂಚೆ ಅವ್ಳನ್ನ ಕೇಳ್ಬೇಕಿತ್ತು ನೀವು." ಥ್ಯಾಂಕ್ಸ್ ಹೇಳುತ್ತಾರೆಂದು ನಿಂತಿದ್ದವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಹೇಳಬೇಕಾದದ್ದು ಇದೇ. ಮಾರುವಾಗಲೂ ನಿನ್ನನ್ನು ಅವಸರ ಮಾಡಿದೆ, ಕಳೆಯುವಾಗ ಕೇಳಲೇ ಇಲ್ಲ. ನಿನ್ನೆ ಬರೆದ ಕಾಗದವನ್ನು ಹಾಗೆಯೇ ಕಳಿಸುತ್ತಿದ್ದೇನೆ, ನಿನ್ನನ್ನು ಕೇಳುವ ಮನಸ್ಸು ಒಂದು ದಿನವಾದರೂ ಇತ್ತೆಂದು ತಿಳಿಯಲಿ.

ನೀರು ಹಾಕುವುದನ್ನು ನಿಲ್ಲಿಸಿದ್ದೇನೆ. ಮೂರೂ ಗಾಡಿ ಮನೆ ಮುಂದಿವೆ. ಹನ್ನೊಂದು ಗಂಟೆಗೆ ಪಾಪಯ್ಯ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದ. ದರ್ಶಿನಿಗೆ ಆಗಲೇ ಸುದ್ದಿ ಮುಟ್ಟಿ ಐದಾರು ಜನ ಮಾರಲು ಅವನ ಮೇಜಿನ ಮುಂದಿದ್ದಾರಂತೆ, ಕೊಳ್ಳುವವರು ಒಬ್ಬರೂ ಇಲ್ಲವಂತೆ. ಹನ್ನೆರಡಕ್ಕೆ ಇನ್ನೊಂದು ಫೋನು ಬಂತು, ಎತ್ತಿದರೆ ಆ ಕಡೆ ಯಾರೂ ಮಾತಾಡಲಿಲ್ಲ. ಯುಗಾದಿಗೆ ನೀನು ಬರಬೇಡ. ನಾನು ಕರೆಯುವವರೆಗೆ ತಿಪಟೂರಿನಲ್ಲೇ ಇರು. ಗುರುಸಿದ್ದ ಟಿಕೆಟ್ ತಗೊಂಡು ಬರುತ್ತಿದ್ದಾನೆ, ಲೆಕ್ಕ ಬರೆದು ಮುಗಿಸುತ್ತೇನೆ.

ಈ ವ್ಯವಹಾರದಲ್ಲಿ ಯಾರಿಗೆ ಏನು ದಕ್ಕಿತು ಎಂದರೆ:

ಪಾಪಯ್ಯನಿಗೆ, ನಾವು ಕೊಂಡಾಗಿನ ಕಮಿಷನ್ನು, ಸೀತಮ್ಮನವರು ಕೊಂಡಾಗಿನದೂ.
ಡೈರೆಕ್ಟರ ಬಾಮೈದನಿಗೆ, ಎರಡು ಕಟ್ಟಡ. ಚೆನ್ನಾಗಿ ನೀರುಂಡಿವೆ, ಬಿರುಕು ಬಿಡುವುದಿಲ್ಲ.
ಬೈರಣ್ಣನಿಗೆ, ಲೋಡಿನ ಭತ್ಯೆ, ಪೈಸೆ ಬಾಕಿಯಿಲ್ಲ.
ನನಗೆ, ಫೆಬ್ರವರಿವರೆಗಿನ ನೀರಿನ ದುಡ್ಡು.
ತಿರುಮಲೇಶರಿಗೆ, ವಾದದಲ್ಲಿ ಗೆಲುವು.
ಸೀತಮ್ಮನವರಿಗೆ, ಬ್ಯಾಂಕಿನಲ್ಲಿ ಎರಡು ಲಕ್ಷದ ಹತ್ತು ಸಾವಿರ, ಇದ್ದದ್ದು ಇದ್ದ ಹಾಗೆ.
ನಿನಗೆ, ಸಾವಿರ ಷೇರು.